ಕಡಿದ ಕಾಡಿನ ಗಣತಿ



ಕಲ್ಯಾಣದ ನೆರಳಿನಲ್ಲಿರುವ ಈ ಸೀಮೆಯಲ್ಲಿ ದತ್ತಿ ಉಪನ್ಯಾಸವೆಂದರೆ ಶರಣರ ಬಗೆಗಿನ ಮಾತನ್ನು ನಿರೀಕ್ಷಿಸುವುದು ಸಹಜ. ನಾನು ಆರಿಸಿಕೊಂಡಿರುವುದು ಮರಗಳ ವಿಷಯ. ಆದರೂ ಶರಣರಿಂದ ತೀರ ದೂರ ಹೋಗುತ್ತಿಲ್ಲ. ಅಡವಿಯಿಂದ ಕಟ್ಟಿಗೆ ತಂದು ಕಲ್ಯಾಣದಲ್ಲಿ ಮಾರಿ ದಾಸೋಹ ನಡೆಸಿದ ಮೋಳಿಗೆಯ ಮಾರಯ್ಯನನ್ನು ನೀವೆಲ್ಲ ಬಲ್ಲಿರಿ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದವನೆಂಬ ಐತಿಹ್ಯ ಅವನ ಸುತ್ತ ಬೆಳೆದಿದೆ. ನನಗೆ ಮುಖ್ಯವಾಗಿ ಕಾಣುವುದು ಅವನ ತಲೆಯ ಮೇಲಿನ ಹೊರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಂಥ ಪಟ್ಟಣ ದಿನವೂ ಒಲೆ ಹೊತ್ತಿಸುತ್ತಿತ್ತು. ಕಾಲುನಡಿಗೆಯ ದೂರದಲ್ಲಿ ಕಟ್ಟಿಗೆ ಕೊಡುವ ಅಡವಿ ಇಲ್ಲದೆ ಅದು ಆಗುವ ಮಾತಲ್ಲ. ಇವತ್ತು ಬೀದರ ಜಿಲ್ಲೆ ರಾಜ್ಯದಲ್ಲಿ ಕಾಡು ತೀರ ಕಡಿಮೆ ಇರುವ ಜಿಲ್ಲೆಗಳ ಸಾಲಿನಲ್ಲಿದೆ. ಮರ ಕಡಿದ ಮೇಲೆ ಕಾಡಿಗೆ ಏನಾಗುತ್ತದೆ ಎಂದು ಕೇಳುವ ಹಕ್ಕು, ಹಾಗಾಗಿ, ಮಲೆನಾಡಿನವರಿಗಿಂತ ನಮಗೇ ಒಂದು ತೂಕ ಹೆಚ್ಚು.

ಮೊದಲು, ಕಡಿಯುವವರು ಮರಗಳನ್ನು ಹೇಗೆ ಲೆಕ್ಕ ಹಾಕಿದರು ಎಂಬ ಚರಿತ್ರೆಯನ್ನು ಸ್ವಲ್ಪ ಹೇಳುತ್ತೇನೆ. ಆಮೇಲೆ, ಕಡಿತದ ಬಳಿಕ ಮರಗಳ ಸಂಖ್ಯೆ ಒಳಗೊಳಗೇ ಹೇಗೆ ಬದಲಾಗುತ್ತದೆ ಎಂಬ ಗಣಿತ. ಮೂರನೆಯದಾಗಿ, ಕೊಡಗಿನಲ್ಲಿ, ಮುದುಮಲೆಯಲ್ಲಿ, ಉತ್ತರ ಕನ್ನಡದಲ್ಲಿ ಪಟ್ಟು ಹಿಡಿದು ನೋಡಿದವರಿಗೆ ಕಂಡದ್ದು. ಕೊನೆಗೆ ನಮ್ಮ ಒಣ ಅಡವಿಗೆ ಬರುತ್ತೇನೆ.

ಚರಿತ್ರೆಯನ್ನು ಬರ್ಮಾದಿಂದ ಹಿಡಿಯಬೇಕು. ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ 1856ರಲ್ಲಿ ಪೆಗು ಪ್ರಾಂತದ ತೇಗದ ಕಾಡುಗಳ ಉಸ್ತುವಾರಿಗೆ ನೇಮಕಗೊಂಡರು. 1864ರಲ್ಲಿ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾದರು. ಪೆಗುವಿನಲ್ಲಿ ಅವರು ಆನೆಯ ಮೇಲೆ ಕುಳಿತು ಕಾಡನ್ನು ನೇರ ಗೆರೆಯಲ್ಲಿ ಹಾಯುತ್ತಿದ್ದರು. ಒಂದು ಕೈಯಲ್ಲಿ ಬಿದಿರಿನ ನಾಲ್ಕು ಕಡ್ಡಿ, ಇನ್ನೊಂದರಲ್ಲಿ ಚಾಕು. ಆರು ಅಡಿ ಮೀರಿದ ಸುತ್ತಳತೆಯ ತೇಗ ಕಂಡರೆ ಮೊದಲ ಕಡ್ಡಿಗೆ ಒಂದು ಗೀರು. ಅದಕ್ಕಿಂತ ಸಣ್ಣದಾದರೆ ಎರಡನೆಯದಕ್ಕೆ, ಇನ್ನೂ ಸಣ್ಣದಾದರೆ ಮೂರನೆಯದಕ್ಕೆ. ನಾಲ್ಕನೆಯ ಕಡ್ಡಿ ಎಳೆ ಗಿಡಗಳಿಗೆ. ಮಳೆಗೆ ಕಾಗದ ನೆನೆದು ಹಾಳಾಗುತ್ತಿತ್ತು, ಬಿದಿರಿನ ಗೀರು ಉಳಿಯುತ್ತಿತ್ತು. ಸಂಜೆ ಬಿಡಾರದಲ್ಲಿ ಗೀರುಗಳನ್ನು ಎಣಿಸಿ ಪುಸ್ತಕಕ್ಕೆ ಇಳಿಸುತ್ತಿದ್ದರು. ಎರಡನೆಯ ದರ್ಜೆಯ ಮರ ಮೊದಲನೆಯ ದರ್ಜೆಗೆ ಏರಲು ಎಷ್ಟು ವರ್ಷ ಬೇಕೆಂದು ಅಂದಾಜು ಮಾಡಿ, ವರ್ಷಕ್ಕೆ ಎಷ್ಟು ಮರ ಮೇಲೇರುತ್ತವೋ ಅಷ್ಟನ್ನೇ ಕಡಿಯಬೇಕು ಎಂಬುದು ಅವರ ನಿಯಮ.

ಈ ನಾಲ್ಕು ಕಡ್ಡಿಗಳಲ್ಲಿ ನಾಲ್ಕನೆಯದು ಬಹಳ ಮುಖ್ಯ ಎಂಬುದೇ ನನ್ನ ಇಂದಿನ ವಾದ. ಇಲಾಖೆ ಬೆಳೆಯಿತು, ಹಡಗುಕಟ್ಟೆಗೆ ತೇಗ ಬೇಕಾಯಿತು, ರೈಲಿಗೆ ಸ್ಲೀಪರ್ ಬೇಕಾಯಿತು, ಬಳಿಕ ಪ್ಲೈವುಡ್ಡಿಗೆ ಧೂಪ ಬೇಕಾಯಿತು. ಆಯ್ದು ಕಡಿಯುವ ಪದ್ಧತಿ ಎಂಬ ಹೆಸರಿನಲ್ಲಿ ಉಳಿದುಕೊಂಡದ್ದು ಮುಖ್ಯವಾಗಿ ಮೊದಲನೆಯ ಕಡ್ಡಿ: ಇಂಥ ಸುತ್ತಳತೆ ಮೀರಿದ ಮರವನ್ನು ಕಡಿಯಬಹುದು, ಇಷ್ಟು ವರ್ಷ ಬಿಟ್ಟು ಮತ್ತೆ ಅದೇ ತುಣುಕಿಗೆ ಬರಬಹುದು. ಕೆಳಗೆ ಸಸಿ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಕಾರ್ಯಯೋಜನೆಯ ಪುಟಗಳಲ್ಲಿ ಇರುತ್ತಿತ್ತು. ನೆಲದ ಮೇಲೆ ಅದರ ಉತ್ತರ ಹುಡುಕುವವರು ಕಡಿಮೆಯಾದರು. ಹಣ ಬರುತ್ತಿದ್ದುದು ದೊಡ್ಡ ಮರದಿಂದ. ಲೆಕ್ಕವೂ ಅದರ ಹಿಂದೆಯೇ ಹೋಯಿತು.

ಇದರ ಫಲವನ್ನು ಮೊದಲು ಗುರುತಿಸಿದವರು ಕಾಡಿನ ಅಂಚಿನ ಜನ. ಒಂದು ಮರಕ್ಕೆ ಗುರುತು ಹಾಕಿ ಕಡಿದರೆ ಅದು ತನ್ನ ಜೊತೆಗೆ ಸುತ್ತಲಿನ ಮರಗಳನ್ನೂ ಬಳ್ಳಿಗಳ ಜಾಲವನ್ನೂ ಎಳೆದುಕೊಂಡು ಬೀಳುತ್ತದೆ. ದಿಮ್ಮಿ ಎಳೆಯುವ ದಾರಿಯಲ್ಲಿ ಸಸಿಗಳೆಲ್ಲ ನೆಲಸಮ. ಕಾಗದದಲ್ಲಿ ಒಂದು ಮರ, ನೆಲದಲ್ಲಿ ಹಲವು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆಯ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳುತನದಲ್ಲಿ ಅಪ್ಪಿಕೊ ಚಳವಳಿ ಮಲೆನಾಡಿನ ಉದ್ದಕ್ಕೂ ಹಬ್ಬಿತು. ಆ ದಶಕ ಮುಗಿಯುವ ಹೊತ್ತಿಗೆ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಹಸಿ ಮರ ಆಯ್ದು ಕಡಿಯುವುದು ನಿಂತಿತು. ಚಳವಳಿಯ ಗೆಲುವು ಸಣ್ಣದಲ್ಲ. ಆದರೆ ಕಡಿತ ನಿಂತ ದಿನ ಕಾಡು ಮೊದಲಿನಂತೆ ಆಗಲಿಲ್ಲ. ಅಲ್ಲಿಂದ ಆಚೆ ಏನಾಯಿತು ಎಂಬುದೇ ನನ್ನ ಎರಡನೆಯ ವಿಷಯ.

ಈಗ ಗಣಿತಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಮನಸ್ಸಿನಲ್ಲೇ ಲೆಕ್ಕ ಹಿಡಿಯಲಿ, ಕಷ್ಟದ್ದೇನಲ್ಲ.

ಮರಗಳನ್ನು ದಪ್ಪದ ಪ್ರಕಾರ ಮೆಟ್ಟಿಲುಗಳಾಗಿ ವಿಂಗಡಿಸೋಣ. ಯಾವುದೇ ಮೆಟ್ಟಿಲಿನ ಮರಕ್ಕೆ ಒಂದು ವರ್ಷದಲ್ಲಿ ಮೂರರಲ್ಲಿ ಒಂದು ಗತಿ: ಅಲ್ಲೇ ನಿಲ್ಲುತ್ತದೆ, ಮೇಲಿನ ಮೆಟ್ಟಿಲಿಗೆ ಏರುತ್ತದೆ, ಇಲ್ಲವೇ ಸಾಯುತ್ತದೆ. ದೊಡ್ಡ ಮರಗಳು ಬೀಜ ಉದುರಿಸಿ ಮೊದಲ ಮೆಟ್ಟಿಲಿಗೆ ಹೊಸಬರನ್ನು ಕಳಿಸುತ್ತವೆ. ಮೈಕೆಲ್ ಅಶರ್ 1966ರಲ್ಲಿ ಇಷ್ಟನ್ನೇ ಕೋಷ್ಟಕದ ರೂಪಕ್ಕೆ ತಂದು ಆಯ್ದು ಕಡಿಯುವ ಕಾಡುಗಳಿಗೆ ಅನ್ವಯಿಸಿದರು. ಇಂದಿನ ಹಲವು ಅರಣ್ಯ ಮಾದರಿಗಳ ಬೇರು ಅಲ್ಲಿದೆ. ಬ್ರಾಂಡಿಸರ ಕಡ್ಡಿಗಳನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮರವೊಂದು ವರ್ಷಕ್ಕೆ ಅರ್ಧ ಸೆಂಟಿಮೀಟರು ದಪ್ಪವಾಗುತ್ತದೆ ಎನ್ನಿ. ವ್ಯಾಸ 60 ಸೆಂ.ಮೀ. ಆದರೆ ಕಡಿಯಬಹುದು, 30 ವರ್ಷಕ್ಕೊಮ್ಮೆ ಮರಳಿ ಬರಬಹುದು ಎಂಬ ನಿಯಮ ಇದೆ ಎನ್ನಿ. ಮೂವತ್ತು ವರ್ಷದಲ್ಲಿ ಮರ ಬೆಳೆಯುವುದು 15 ಸೆಂ.ಮೀ. ಹಾಗಾದರೆ ಎರಡನೆಯ ಸರದಿಗೆ ಸಿಗುವುದು ಈಗ 45ರಿಂದ 60ರ ನಡುವೆ ಇರುವ ಮರಗಳು ಮಾತ್ರ. ಮೊದಲ ಸರದಿಗೆ ಸಿಕ್ಕಿದ್ದು ನೂರಾರು ವರ್ಷಗಳ ಕೂಡಿಟ್ಟ ಗಂಟು. ಎರಡನೆಯದಕ್ಕೆ ಸಿಗುವುದು ಮೂವತ್ತೇ ವರ್ಷಗಳ ದುಡಿಮೆ. ಅದರಲ್ಲೂ ವರ್ಷಕ್ಕೆ ನೂರಕ್ಕೆ ಎರಡು ಮರ ಸಾಯುತ್ತವೆ ಎಂದರೆ ಮೂವತ್ತು ವರ್ಷದ ಬಳಿಕ ಉಳಿಯುವುದು ನೂರರಲ್ಲಿ ಸುಮಾರು 55. ಮೊದಲ ಕಡಿತದಲ್ಲಿ ತೊಗಟೆ ಕಿತ್ತುಹೋದವು, ಕೊಂಬೆ ಮುರಿದವು ಇನ್ನೂ ಬೇಗ ಹೋಗುತ್ತವೆ.

ಇದು ಊಹೆಯ ಅಂಕಿ, ಆದರೆ ಲೋಕದ ಅನುಭವ ಇದಕ್ಕೆ ದೂರವಿಲ್ಲ. ಫ್ರಾನ್ಸಿಸ್ ಪುಟ್ಜ್ ಮತ್ತು ಸಂಗಡಿಗರು 2012ರಲ್ಲಿ ಉಷ್ಣವಲಯದ ಕಾಡುಗಳ ಮೇಲಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಮೊದಲ ಕಡಿತದ ನಂತರ ಮರದ ಇಳುವರಿ ಸರಾಸರಿ ಶೇ 46ರಷ್ಟು ಕುಸಿದಿತ್ತು. ಅದೇ ಪರಿಶೀಲನೆ ಇನ್ನೊಂದು ಮಾತನ್ನೂ ಹೇಳಿತು. ಆಯ್ದು ಕಡಿದ ಕಾಡಿನಲ್ಲಿ ಮೊದಲಿದ್ದ ಪ್ರಾಣಿ, ಪಕ್ಷಿ, ಗಿಡಗಳ ಜಾತಿಗಳಲ್ಲಿ ಶೇ 85ರಿಂದ 100ರವರೆಗೆ ಉಳಿದಿದ್ದವು. ಇಂಗಾಲದ ಸಂಗ್ರಹದಲ್ಲಿ ಶೇ 76 ಇತ್ತು. ಕಡಿದ ಕಾಡು ಸತ್ತ ಕಾಡು ಎಂದು ಕೈಬಿಟ್ಟು ಅಲ್ಲಿ ನೀಲಗಿರಿ ನೆಡುವವರಿಗೆ ಇದು ಸರಿಯಾದ ಉತ್ತರ.

ಇನ್ನು ಲೆಕ್ಕದ ಕೆಳಗಿನ ತುದಿ. ಅದೇ ಅರ್ಧ ಸೆಂಟಿಮೀಟರಿನ ವೇಗದಲ್ಲಿ 10 ಸೆಂ.ಮೀ. ವ್ಯಾಸದ ಮರ 60 ತಲುಪಲು ನೂರು ವರ್ಷ. ಅಂದರೆ ಮೊದಲ ಕಡಿತದ ದಿನವೇ ಎರಡನೆಯ, ಮೂರನೆಯ, ನಾಲ್ಕನೆಯ ಸರದಿಯ ಮರಗಳು ಕಾಡಿನಲ್ಲಿ ನಿಂತಿರುತ್ತವೆ. ಆ ದಿನದಿಂದ ಸಸಿ ಹುಟ್ಟುವುದು ಪೂರ್ತಿ ನಿಂತುಹೋದರೂ ದೊಡ್ಡ ಮರಗಳನ್ನಷ್ಟೇ ಎಣಿಸುವವನಿಗೆ ಅದು ಒಂದು ಶತಮಾನ ತಿಳಿಯುವುದಿಲ್ಲ. ಮೂವತ್ತೈದು ವರ್ಷ ನೌಕರಿ ಮಾಡಿ ನಿವೃತ್ತನಾಗುವ ಅಧಿಕಾರಿಯ ಕಣ್ಣಿಗೆ ಕಾಡು ಚೆನ್ನಾಗಿಯೇ ಇರುತ್ತದೆ. ಹಿರಿಯರೆಲ್ಲ ಕಟ್ಟೆಯ ಮೇಲೆ ಗಟ್ಟಿಯಾಗಿ ಕುಳಿತಿದ್ದು ಒಂದು ಮನೆಯಲ್ಲೂ ತೊಟ್ಟಿಲು ತೂಗದ ಊರಿನಂತೆ ಅದು ನಿಂತಿರುತ್ತದೆ.

ಸಸಿ ಯಾಕೆ ನಿಲ್ಲಬೇಕು? ಮರಗಳ ಸ್ವಭಾವ ಬೇರೆ ಬೇರೆ. ಘಟ್ಟದ ಧೂಪದ ಬೀಜ ದಪ್ಪ, ತೂಕದ್ದು; ತಾಯಿಮರದ ಹತ್ತಿರವೇ ಬೀಳುತ್ತದೆ, ಒಣಗಿದರೆ ಸಾಯುತ್ತದೆ, ಮಳೆಗಾಲದಲ್ಲೇ ಮೊಳೆಯಬೇಕು. ನೆಲದಲ್ಲಿ ವರ್ಷಗಟ್ಟಲೆ ಕಾದು ಕೂರುವ ಶಕ್ತಿ ಅದಕ್ಕಿಲ್ಲ. ತಾಯಿಮರಗಳು ಹೋದವು ಎಂದರೆ ಆ ತುಣುಕಿಗೆ ಧೂಪ ಮರಳಿ ಬರುವುದು ಬಹಳ ನಿಧಾನ. ಚಂದಕಲಿನಂಥ ಮರದ ಬಗೆ ಬೇರೆ. ಸಣ್ಣ ಬೀಜ ಹಕ್ಕಿಯ ಹೊಟ್ಟೆಯಲ್ಲಿ ಪ್ರಯಾಣ ಮಾಡುತ್ತದೆ, ಬಿಸಿಲು ಬಿದ್ದ ಬಯಲು ಕಂಡಲ್ಲಿ ನಾಲ್ಕೇ ವರ್ಷದಲ್ಲಿ ಗುಂಪಾಗಿ ಎದ್ದು ನಿಲ್ಲುತ್ತದೆ. ಮರಗಳ ಸಂಖ್ಯೆ ಎಣಿಸಿದರೆ ಕಾಡು ತುಂಬಿದೆ. ಯಾವ ಮರ ಎಂದು ಕೇಳಿದರೆ ಕಾಡು ಬದಲಾಗಿದೆ. ರಾಂಪತ್ರೆಯ ಕಾಯಿಯನ್ನು ನುಂಗಿ ಬೀಜವನ್ನು ದೂರ ಉಗುಳುವ ಮಂಗಟ್ಟೆ ಹಕ್ಕಿಗೆ ಗೂಡು ಬೇಕೆಂದರೆ ಪೊಟರೆ ಇರುವ ಹಳೆಯ ಭಾರಿ ಮರವೇ ಬೇಕು. ಹಣ್ಣಾದ ಮರ ಎಂದು ಅದನ್ನೇ ಮೊದಲು ಕಡಿದಾಗ ಬೀಜ ಹೊರುವವನೂ ಹೋದ.

ಇಷ್ಟು ಸಿದ್ಧಾಂತ. ಮೂರನೆಯ ವಿಷಯಕ್ಕೆ, ಅಂದರೆ ಕಣ್ಣಾರೆ ಅಳೆದು ಕಂಡವರ ಕಡೆಗೆ ಈಗ ತಿರುಗುತ್ತೇನೆ.

ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದಲ್ಲಿ ಉಪ್ಪಂಗಳ ಎಂಬಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಕರ್ನಾಟಕ ಅರಣ್ಯ ಇಲಾಖೆಯ ಜೊತೆ ಸೇರಿ 1989-90ರಲ್ಲಿ ಶಾಶ್ವತ ತಾಕುಗಳನ್ನು ಗುರುತಿಸಿದರು. ವರ್ಷಕ್ಕೆ 5000 ಮಿ.ಮೀ. ಸುಮಾರಿಗೆ ಮಳೆ ಬೀಳುವ ಜಾಗ ಅದು. ಸುತ್ತಳತೆ 30 ಸೆಂ.ಮೀ. ಮೀರಿದ ಪ್ರತಿ ಮರಕ್ಕೂ ಒಂದು ಸಂಖ್ಯೆ, ನಕ್ಷೆಯಲ್ಲಿ ಒಂದು ಚುಕ್ಕಿ. ಹೆಕ್ಟೇರಿಗೆ ಇಂಥ 600ಕ್ಕೂ ಹೆಚ್ಚು ಮರಗಳು. ಕಾಂಡದ ಸುತ್ತ ಲೋಹದ ತೆಳು ಪಟ್ಟಿ ಸುತ್ತಿ, ಅದರ ಎರಡು ತುದಿಗಳನ್ನು ಒಂದು ಸ್ಪ್ರಿಂಗಿನಿಂದ ಜೋಡಿಸುತ್ತಾರೆ. ಮರ ಹಿಗ್ಗಿದಷ್ಟು ಪಟ್ಟಿ ಜಾರುತ್ತದೆ. ಜಾರಿದ ಅಂತರವನ್ನು ಮಿಲಿಮೀಟರಿನ ಭಾಗಗಳಲ್ಲಿ ಅಳೆಯುತ್ತಾರೆ. ಹಿಂದೆ ಆಯ್ದು ಕಡಿದಿದ್ದ ತುಣುಕು, ಎಂದೂ ಕೊಡಲಿ ಕಾಣದ ತುಣುಕು, ಎರಡನ್ನೂ ಒಂದೇ ಕಾಡಿನೊಳಗೆ ಹೋಲಿಸಿ ನೋಡಲು ಅಲ್ಲಿ ಸಾಧ್ಯವಾಯಿತು.

ಉಪ್ಪಂಗಳದಂಥ ಕಾಡು ಕಲಿಸುವ ಒಂದು ಪಾಠವನ್ನು ನಾನು ಎಲ್ಲಕ್ಕಿಂತ ಹೆಚ್ಚು ಬೆಲೆಯದೆಂದು ಎಣಿಸುತ್ತೇನೆ. ಫ್ರಾನ್ಸಿನ ದ ಲಿಯೋಕೂರ್ 1898ರಲ್ಲಿ ಹೇಳಿದ್ದ ಪ್ರಕಾರ, ಸಮತೋಲದಲ್ಲಿರುವ ಕಾಡಿನಲ್ಲಿ ಸಣ್ಣ ಮರ ಬಹಳ, ದೊಡ್ಡದು ಕಡಿಮೆ. ಅರಣ್ಯಶಾಸ್ತ್ರದ ವಿದ್ಯಾರ್ಥಿಗಳು ದಪ್ಪ ಹೆಚ್ಚಿದಂತೆ ಸಂಖ್ಯೆ ಇಳಿಯುವ ಈ ರೇಖೆಯನ್ನು ಕಂಡರೆ ಕಾಡು ಆರೋಗ್ಯವಾಗಿದೆ ಎಂದು ಬರೆದುಬಿಡುತ್ತಾರೆ. ಆದರೆ ನಿತ್ಯಹರಿದ್ವರ್ಣ ಕಾಡಿನ ಕೆಳಹಂತದಲ್ಲಿ ಹಂಬೋಲ್ಟಿಯಾದಂಥ ಮರಗಳಿವೆ. ಅವು ನೆರಳಿನಲ್ಲೇ ಹುಟ್ಟಿ, ನೆರಳಿನಲ್ಲೇ ಹೂಬಿಟ್ಟು, ಎಂದೂ ದೊಡ್ಡದಾಗದೆ ಬಾಳುತ್ತವೆ. ಪಟ್ಟಿ ಕಟ್ಟಿ ವರ್ಷಗಟ್ಟಲೆ ನೋಡಿದರೂ ಹಲವು ಮರಗಳು ಹಿಗ್ಗಿದ್ದು ಬಹಳ ಸ್ವಲ್ಪ. ಸಣ್ಣದಾಗಿ ಇರುವುದೆಲ್ಲ ಎಳೆಯದಲ್ಲ. ಮರದ ದಪ್ಪ ಅದರ ವಯಸ್ಸನ್ನು ಹೇಳುವುದಿಲ್ಲ. ಅದೇ ಮರವನ್ನು ಮತ್ತೆ ಮತ್ತೆ ಅಳೆದವನಿಗೆ ಮಾತ್ರ ಅದರ ನಡೆ ತಿಳಿಯುತ್ತದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಬೀದರಿನ ಕಾಡಿಗೆ ಬಂದಾಗ ಬೇಕಾಗುತ್ತದೆ.

ಮುದುಮಲೆಯ ಕಥೆ ಒಣ ಕಾಡಿನದು, ಆದ್ದರಿಂದ ನಮಗೆ ಹತ್ತಿರದ್ದು. ಬಂಡೀಪುರಕ್ಕೆ ಅಂಟಿಕೊಂಡಿರುವ ಆ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರಿನ ತಾಕೊಂದನ್ನು ಆರಂಭಿಸಿದರು. ಪನಾಮದ ಬಾರೊ ಕೊಲರಾಡೊ ದ್ವೀಪದಲ್ಲಿ 1980ರಲ್ಲಿ ಶುರುವಾದ ಮಾದರಿಯೇ ಅದಕ್ಕೆ ಮೇಲ್ಪಂಕ್ತಿ. ಒಂದು ಸೆಂಟಿಮೀಟರು ದಪ್ಪದ ಗಿಡವನ್ನೂ ಬಿಡದೆ ಎಣಿಸಿದರು. 25 ಸಾವಿರಕ್ಕೂ ಹೆಚ್ಚು ಕಾಂಡಗಳು. ಹಿಂದೆ ತೇಗ, ಮತ್ತಿ ಮುಂತಾದವನ್ನು ಆಯ್ದು ಕಡಿದಿದ್ದ ಕಾಡದು. ಕಡಿತ ನಿಂತು ಎರಡು ದಶಕವಾಗಿದ್ದರಿಂದ ಇನ್ನು ಏರಿಕೆಯೇ ಕಾಣುತ್ತದೆ ಎಂದುಕೊಳ್ಳಬಹುದಿತ್ತು. ಕಂಡದ್ದು ಬೇರೆ. ಮೊದಲ ಗಣತಿಯಲ್ಲಿ ಐದು ಸಾವಿರಕ್ಕೂ ಹೆಚ್ಚಿದ್ದ ಬೆಂಡೆ ಮರ ಆನೆಗಳ ಬಾಯಿಗೂ ಬೆಂಕಿಗೂ ಸಿಕ್ಕಿ ಕೆಲವೇ ವರ್ಷಗಳಲ್ಲಿ ಬಹುಪಾಲು ಇಲ್ಲವಾಯಿತು. ಬೆಂಕಿ ಬಿದ್ದ ವರ್ಷ ಸಾಯುವವು ಹೆಚ್ಚಾಗಿ ಸಣ್ಣ ಕಾಂಡಗಳು; ದೊಡ್ಡ ದಿಂಡಿಗ, ಮತ್ತಿ, ನಂದಿ ಮರಗಳು ಅಲುಗದೆ ನಿಲ್ಲುತ್ತವೆ. ಕೊಡಲಿ ಕಾಡನ್ನು ಬಿಟ್ಟುಹೋದ ಮೇಲೆ ಬೆಂಕಿ, ಬರ, ಮೇವು ಆ ಲೆಕ್ಕವನ್ನು ಮುಂದುವರಿಸುತ್ತವೆ. ಬರಿಯ ಕಡಿತ ನಿಷೇಧದಿಂದ ಕಾಡು ಮರಳುತ್ತದೆ ಎಂಬ ನಂಬಿಕೆಗೆ ಮುದುಮಲೆ ಆಧಾರ ಕೊಡುವುದಿಲ್ಲ.

ಮೂರನೆಯದು ಬಿದಿರು. ಅದು ಮರವಲ್ಲ, ಹುಲ್ಲಿನ ಜಾತಿ. ಆದರೂ ಈ ಉದಾಹರಣೆಯನ್ನು ಬಿಡಲಾರೆ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರೇ ಕಚ್ಚಾವಸ್ತು. ಎರಡು ದಶಕದಲ್ಲಿ ಬಿದಿರು ಕಾಣೆಯಾಗತೊಡಗಿತು. ಹಳ್ಳಿಯವರು, ದನದವರು ಕಾರಣ ಎಂಬ ಮಾತು ಬಂತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ ಮತ್ತು ಎಸ್.ಎನ್. ಪ್ರಸಾದ್ ಮೆಳೆಯಿಂದ ಮೆಳೆಗೆ ಓಡಾಡಿ ನೋಡಿದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದೆ. ಅದರೊಳಗೆ ಕಳಲೆ ಏಳುತ್ತದೆ. ಮೆಳೆ ಒಪ್ಪವಾಗಿ ಬೆಳೆಯಲಿ ಎಂದು ಆ ಮುಳ್ಳನ್ನು ಸವರಿ ತೆಗೆಯುವುದು ವೈಜ್ಞಾನಿಕ ನಿರ್ವಹಣೆ ಎನಿಸಿಕೊಂಡಿತ್ತು. ಮುಳ್ಳು ಹೋದ ಮೆಳೆಯ ಕಳಲೆ ದನಕ್ಕೂ ಕಾಡುಪ್ರಾಣಿಗಳಿಗೂ ಸುಲಭದ ತುತ್ತಾಯಿತು. ತಮ್ಮ ಬಳಕೆಗೆ ಬಿದಿರು ಕಡಿಯುವ ಹಳ್ಳಿಗರು ಮುಳ್ಳನ್ನು ಮುಟ್ಟುತ್ತಿರಲಿಲ್ಲ. ತಿಳಿದವರ ಅಳತೆಯಲ್ಲೂ ಎಳೆಯದರ ರಕ್ಷಣೆ ಬಿಟ್ಟುಹೋಗಿತ್ತು.

ಇನ್ನು ಕೊನೆಯ ವಿಷಯ, ನಮ್ಮ ಸೀಮೆ.

ಹುಮನಾಬಾದ, ಬಸವಕಲ್ಯಾಣ, ಚಿಟಗುಪ್ಪ ಕಡೆಯ ಜಂಬಿಟ್ಟಿಗೆ ಗುಡ್ಡಗಳ ಮೇಲಿನ ಅಡವಿಯಲ್ಲಿ ತೇಗ, ದಿಂಡಿಗ, ಮುತ್ತುಗ, ತುಮರಿ, ಬೇವು, ಸೀತಾಫಲಗಳನ್ನು ನೀವು ನೋಡಿದ್ದೀರಿ. ಮಲೆನಾಡಿನ ಧೂಪಕ್ಕೂ ನಮ್ಮ ದಿಂಡಿಗಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ದಿಂಡಿಗ ಕಡಿದರೆ ಬೊಡ್ಡೆ ಚಿಗುರುತ್ತದೆ. ಮುತ್ತುಗ, ತುಮರಿಗಳಂತೂ ಬೇರಿನಿಂದಲೇ ಹೊಸ ಕುಡಿ ಕಳಿಸುತ್ತವೆ. ದಖ್ಖನಿನ ಒಣ ಕಾಡುಗಳಲ್ಲಿ ಸೌದೆಗಾಗಿ ತಲೆಮಾರುಗಳಿಂದ ನಡೆದ ಕಡಿತ ಈ ಗುಣವನ್ನು ನಂಬಿಯೇ ನಡೆಯಿತು. ಕಡಿ, ಬಿಡು, ಚಿಗುರಲಿ, ಮತ್ತೆ ಕಡಿ.

ಒಂದು ದಿಂಡಿಗದ ಬೊಡ್ಡೆಯ ಹತ್ತಿರ ಕುಳಿತು ನೋಡಿ. ನೆಲಮಟ್ಟದಲ್ಲಿ ಗಂಟುಗಂಟಾದ ಅಗಲದ ಬುಡ, ನಡುಭಾಗ ಕೊಳೆತು ಮಣ್ಣಾಗಿದೆ. ಅಂಚಿನಲ್ಲಿ ವೃತ್ತಾಕಾರವಾಗಿ ಕೈಬೆರಳಿನಿಂದ ಮುಂಗೈಯಷ್ಟು ದಪ್ಪದ ಹಲವು ಕೋಲುಗಳು. ಕೆಲವಕ್ಕೆ ಹಳೆಯ ಕೊಡಲಿ ಗಾಯ, ಕೆಲವಕ್ಕೆ ಬೆಂಕಿಯ ಕಪ್ಪು, ತುದಿಗಳನ್ನು ಆಡು ತಿಂದಿವೆ. ಗಣತಿ ಮಾಡುವವನು ಇದನ್ನು ಏಳೆಂಟು ಎಳೆ ಮರ ಎಂದು ಬರೆದುಕೊಂಡು ಹೋದಾನು. ಅದು ಒಂದೇ ಮರ, ಬಹುಶಃ ನಮ್ಮ ಅಜ್ಜನಿಗಿಂತ ಹಿರಿಯದು. ಉಪ್ಪಂಗಳದ ಪಾಠ ಇಲ್ಲಿ ಬೇಕು: ಸಣ್ಣದೆಲ್ಲ ಎಳೆಯದಲ್ಲ. ಪ್ರತಿ ಕಡಿತಕ್ಕೂ ಹಳೆಯ ಬೇರಿನ ಬಲ ಒಂದಿಷ್ಟು ಕುಗ್ಗುತ್ತದೆ. ಒಂದು ಬೊಡ್ಡೆ ಚಿಗುರುವುದನ್ನು ಬಿಟ್ಟ ದಿನ ಆ ಜಾಗ ತುಂಬಲು ಬೀಜದಿಂದ ಬಂದ ಸಸಿ ಬೇಕು. ಆ ಸಸಿ ನಮ್ಮ ಅಡವಿಯಲ್ಲಿ ಇದೆಯೇ?

ಬೀಜದ ಸಸಿಗೆ ಮೂರು ಶತ್ರುಗಳು: ಬೇಸಿಗೆಯ ಬೆಂಕಿ, ವರ್ಷವಿಡೀ ಮೇವು, ಮಳೆ ಕೈಕೊಟ್ಟ ವರ್ಷದ ಒಣಗು. ವರ್ಷಕ್ಕೆ 800ರಿಂದ 900 ಮಿ.ಮೀ. ಮಳೆಯ ಈ ನಾಡಿನಲ್ಲಿ ಸತತ ಎರಡು ಮೂರು ಒಳ್ಳೆಯ ವರ್ಷ ಸಿಕ್ಕರೆ ಮಾತ್ರ ಸಸಿ ಬೇರು ಇಳಿಸುತ್ತದೆ. ಆ ಗೆಲುವನ್ನು ಈಗ ಹೆಚ್ಚು ಪಡೆಯುತ್ತಿರುವುದು ಅಮೆರಿಕ ಖಂಡದಿಂದ ಬಂದು ನೆಲೆಸಿದ ಸೀತಾಫಲ. ದನ, ಆಡು ಅದರ ಎಲೆ ಮುಟ್ಟುವುದಿಲ್ಲ. ಹಣ್ಣು ನಮಗೆಲ್ಲ ಪ್ರಿಯ, ಬಡವರಿಗೆ ನಾಲ್ಕು ಕಾಸು ತರುವಂಥದು. ಅದನ್ನು ಕಿತ್ತೆಸೆಯಿರಿ ಎಂದು ನಾನು ಹೇಳಲಾರೆ. ಆದರೆ ದಿಂಡಿಗದ ಬೊಡ್ಡೆ ಸತ್ತ ಜಾಗದಲ್ಲೆಲ್ಲ ಸೀತಾಫಲ ನಿಂತರೆ ಉಪಗ್ರಹದ ಚಿತ್ರದಲ್ಲಿ ಹಸಿರು ಹಾಗೆಯೇ ಇರುತ್ತದೆ, ಕಾಡು ಮಾತ್ರ ಪೊದೆಯಾಗಿರುತ್ತದೆ.

ಅರಣ್ಯ ಇಲಾಖೆ ಮಳೆಗಾಲದಲ್ಲಿ ಸಸಿ ನೆಡುತ್ತದೆ, ನಾವೂ ಫೋಟೊ ತೆಗೆಸಿಕೊಳ್ಳಲು ಹೋಗುತ್ತೇವೆ. ನೆಟ್ಟಿದ್ದರ ಸಂಖ್ಯೆ ವರದಿಯಲ್ಲಿ ಬರುತ್ತದೆ. ಐದನೆಯ ವರ್ಷ ಬದುಕಿದ್ದರ ಸಂಖ್ಯೆಯೂ, ನೆಡದೆ ತಾನೇ ಹುಟ್ಟಿ ಬದುಕಿದ್ದರ ಸಂಖ್ಯೆಯೂ ಅದೇ ವರದಿಯ ಮೊದಲ ಪುಟದಲ್ಲಿ ಬರಬೇಕೆಂದು ಸಾರ್ವಜನಿಕರಾಗಿ ನಾವು ಕೇಳಬೇಕು.

ಈ ಸಭೆಯಲ್ಲಿರುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನನ್ನದೊಂದು ಬೇಡಿಕೆ ಇದೆ. ಇಲಾಖೆಯ ಅನುಮತಿ ಪಡೆದು ಹುಮನಾಬಾದ ಸುತ್ತಲಿನ ಯಾವುದಾದರೂ ಅಡವಿಯಲ್ಲಿ ನೂರು ಮೀಟರು ಉದ್ದ, ನೂರು ಮೀಟರು ಅಗಲದ ಒಂದು ತಾಕನ್ನು ಗುರುತಿಸಿ. ಎರಡೂವರೆ ಎಕರೆ, ಅಷ್ಟೇ. ನಾಲ್ಕು ಮೂಲೆಗೆ ಕಲ್ಲು ನೆಡಿ. ಪ್ರತಿ ಮರಕ್ಕೂ ಪ್ರತಿ ಬೊಡ್ಡೆಗೂ ತಗಡಿನ ಸಂಖ್ಯೆ ಕಟ್ಟಿ, ನೆಲದಿಂದ 1.3 ಮೀಟರು ಎತ್ತರದಲ್ಲಿ ಬಣ್ಣದ ಗೆರೆ ಎಳೆದು, ಆ ಗೆರೆಯ ಮೇಲೆಯೇ ಟೇಪು ಸುತ್ತಿ ಅಳೆಯಿರಿ. ಬೊಡ್ಡೆಯ ಚಿಗುರು, ಬೀಜದ ಸಸಿ, ಇವೆರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಿರಿ. ಇದನ್ನು ಕಲಸಿದರೆ ಶ್ರಮವೆಲ್ಲ ವ್ಯರ್ಥ. ಸಸಿ ಎಣಿಸಲು ಒಂದು ಮೀಟರಿನ ಚೌಕಗಳನ್ನು ಅಲ್ಲಲ್ಲಿ ಇಡಿ. ದೀಪಾವಳಿ ಮುಗಿದ ಮೇಲೆ, ಅಡವಿಗೆ ಬೆಂಕಿ ಬೀಳುವ ಕಾಲಕ್ಕೆ ಮುಂಚೆ, ಪ್ರತಿ ವರ್ಷ ಅದೇ ತಿಂಗಳಲ್ಲಿ ಹೋಗಿ. ಪುಸ್ತಕವನ್ನು ಗ್ರಂಥಾಲಯದಲ್ಲಿ ಇಡಿ, ಒಬ್ಬ ಅಧ್ಯಾಪಕರು ವರ್ಗವಾದರೆ ಇನ್ನೊಬ್ಬರ ಕೈಗೆ ಸಹಿ ಹಾಕಿ ಕೊಡಿ. ಹಣ ಹೆಚ್ಚು ಬೇಡ. ಒಂದು ಟೇಪು, ಬಣ್ಣದ ಡಬ್ಬಿ, ತಗಡು, ತಂತಿ, ದಪ್ಪ ರಟ್ಟಿನ ಒಂದು ಪುಸ್ತಕ ಸಾಕು. ಮೊದಲ ಅಳತೆಯನ್ನು ಈ ವರ್ಷವೇ ಮಾಡಿ.